ಪಾರ್ಕಿಂಗ್ ಕಂಪನಿಯ ಕಾಗದ ಬಂದಾಗ

ಇಂಗ್ಲೆಂಡಿಗೆ ಕೆಲಸಕ್ಕೆಂದು ಬಂದ ಎಷ್ಟೋ ಕನ್ನಡಿಗರ ಮನೆಗೆ ಒಂದಲ್ಲ ಒಂದು ದಿನ ಈ ಕಾಗದ ಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ 'ಪಾರ್ಕಿಂಗ್ ಚಾರ್ಜ್ ನೋಟಿಸ್' ಎಂದಿರುತ್ತದೆ. ಕೆಳಗೆ ನಿಮ್ಮ ಕಾರಿನ ಎರಡು ಫೋಟೊ, ಒಂದು ಒಳಗೆ ಹೋಗುವಾಗಿನದು, ಇನ್ನೊಂದು ಹೊರಗೆ ಬರುವಾಗಿನದು. ಸೂಪರ್‌ಮಾರ್ಕೆಟ್ಟಿನ ಅಂಗಳದಲ್ಲಿ ಎರಡು ಗಂಟೆ ಹಣವಿಲ್ಲದೆ ನಿಲ್ಲಿಸಬಹುದಿತ್ತು, ನೀವು ಎರಡು ಗಂಟೆ ನಲವತ್ತು ನಿಮಿಷ ನಿಲ್ಲಿಸಿದ್ದೀರಿ, 100 ಪೌಂಡ್ ಕಟ್ಟಿ, 14 ದಿನದೊಳಗಾದರೆ 60 ಸಾಕು ಎಂಬುದು ಅದರ ಸಾರಾಂಶ.

ಸ್ಲೌ ಇರಲಿ, ರೆಡಿಂಗ್ ಇರಲಿ, ಮಿಲ್ಟನ್ ಕೀನ್ಸ್ ಇರಲಿ, ಆ ಊರಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದರ ಫೋಟೊ ಬಿದ್ದೊಡನೆ ಎರಡು ಬಗೆಯ ಸಲಹೆ ಬರುತ್ತದೆ. "ಸುಮ್ನೆ 60 ಕಟ್ಟಿಬಿಡಿ, ನಾಳೆ ವೀಸಾಗೆ ತೊಂದರೆ ಆಗತ್ತೆ" ಎನ್ನುವವರು ಒಂದಷ್ಟು ಜನ. "ಹರಿದು ಕಸದ ಬುಟ್ಟಿಗೆ ಹಾಕಿ, ಅವರೇನೂ ಮಾಡಕ್ಕಾಗಲ್ಲ" ಎನ್ನುವವರು ಇನ್ನಷ್ಟು ಜನ. ಎರಡೂ ಅಪಾಯದ ಮಾತು. ಮೊದಲನೆಯದನ್ನು ಕೇಳಿದರೆ ಕೊಡಬೇಕಾಗಿಯೇ ಇಲ್ಲದ ಹಣ ಕೈಬಿಡಬಹುದು. ಎರಡನೆಯದನ್ನು ಕೇಳಿದರೆ ಆರು ವರ್ಷ ಬೆನ್ನುಹತ್ತುವ ಕೋರ್ಟ್ ತೀರ್ಪು ಹೆಸರಿಗೆ ಅಂಟಿಕೊಳ್ಳಬಹುದು. ಇವೆರಡರ ನಡುವೆ ಮೂರನೆಯ ದಾರಿಯಿದೆ: ಕಾಗದವನ್ನು ಕೂತು ಓದಿ, ಗಡುವಿನೊಳಗೆ, ದಾಖಲೆ ಸಮೇತ ಉತ್ತರ ಬರೆಯುವುದು. ಆ ದಾರಿಯನ್ನು ವಿವರವಾಗಿ ಹೇಳಬೇಕೆಂದೇ ಈ ವಾರದ ಅಂಕಣ. ಮಕ್ಕಳ ಮನೆಗೆ ಬಂದು ಮೂರು ತಿಂಗಳು ಇದ್ದು ಹೋಗುವ ತಂದೆತಾಯಂದಿರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಕಾಗದ ಕಳಿಸಿದವರು ಯಾರು ಎಂದು ನೋಡಿ. ರಸ್ತೆ ಬದಿಯಲ್ಲೋ ನಗರಸಭೆಯ ಪಾರ್ಕಿಂಗ್ ಜಾಗದಲ್ಲೋ ತಪ್ಪು ಮಾಡಿದರೆ ಕೌನ್ಸಿಲ್ ಕಳಿಸುವುದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಅದು ಕಾನೂನು ಹಾಕುವ ದಂಡ, ಅದರ ಮೇಲ್ಮನವಿಯ ದಾರಿ ಬೇರೆ. ಖಾಸಗಿ ಕಂಪನಿ ಕಳಿಸುವುದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡನ್ನೂ ಪಿಸಿಎನ್ ಎಂದೇ ಕರೆಯುವುದರಿಂದ, ಎರಡರ ವಿನ್ಯಾಸವೂ ಹತ್ತಿರ ಹತ್ತಿರ ಇರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ. ಖಾಸಗಿ ಕಂಪನಿಗೆ ದಂಡ ಹಾಕುವ ಅಧಿಕಾರವಿಲ್ಲ. ನಮ್ಮ ಜಾಗದಲ್ಲಿ ಕಾರು ನಿಲ್ಲಿಸಿ ನೀವು ನಮ್ಮೊಡನೆ ಕರಾರು ಮಾಡಿಕೊಂಡಿರಿ, ಅದನ್ನು ಮುರಿದಿರಿ, ಆದ್ದರಿಂದ ಹಣ ಕೊಡಿ ಎಂದು ಅದು ಕೇಳುತ್ತಿದೆ. ಇದು ಇಬ್ಬರ ನಡುವಿನ ಸಿವಿಲ್ ವ್ಯವಹಾರ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ, ಡ್ರೈವಿಂಗ್ ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುವುದಿಲ್ಲ, ಅಪರಾಧದ ದಾಖಲೆಯೂ ಆಗುವುದಿಲ್ಲ. ಕಾಗದ ಕಂಡ ರಾತ್ರಿ ನಿದ್ದೆಗೆಡುವವರು ಇಷ್ಟನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಭಯ ಇಳಿಯುತ್ತದೆ.

ನಮ್ಮವರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳಲು ಒಂದು ಕಾರಣವಿದೆ. ಬೆಂಗಳೂರಿನ ಮಾಲ್‌ಗೆ ಹೋದರೆ ಒಳಗೆ ಹೋಗುವಾಗ ಚೀಟಿ ಕೊಡುತ್ತಾರೆ, ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬರು ಕೂತು ಹಣ ಕೇಳುತ್ತಾರೆ. ಕೊಡದೆ ಕಂಬ ಮೇಲೇಳುವುದಿಲ್ಲ. ಇಲ್ಲಿ ಬಹುಪಾಲು ಕಡೆ ಗೇಟೂ ಇಲ್ಲ, ಮನುಷ್ಯರೂ ಇಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿ ಸಮಯ ಬರೆದುಕೊಳ್ಳುತ್ತದೆ, ಅಷ್ಟೆ. ಹೆದ್ದಾರಿಯ ಸರ್ವಿಸ್ ಸ್ಟೇಷನ್‌ಗಳಲ್ಲಿ ಎರಡು ಗಂಟೆ ಉಚಿತ. ಲೇಕ್ ಡಿಸ್ಟ್ರಿಕ್ಟ್‌ಗೆ ಹೊರಟ ಕುಟುಂಬ ಅಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿ ಊಟ ಮಾಡಿ, ಡ್ರೈವ್ ಮಾಡುವವರು ಸ್ವಲ್ಪ ಕಣ್ಣುಮುಚ್ಚಿದರೆ ಎರಡು ಗಂಟೆ ದಾಟಿದ್ದೇ ಗೊತ್ತಾಗುವುದಿಲ್ಲ. ಜಿಮ್ಮು, ಹೋಟೆಲು, ಡಾಕ್ಟರ ಕ್ಲಿನಿಕ್ಕು ಇಂಥ ಕಡೆ ಒಳಗಿನ ಕೌಂಟರಿನಲ್ಲಿಟ್ಟ ಪರದೆಯ ಮೇಲೆ ಕಾರಿನ ನಂಬರು ಒತ್ತಬೇಕು. ಅದನ್ನು ಯಾರೂ ಹೇಳದಿದ್ದರೆ ಹೊಸಬರಿಗೆ ತಿಳಿಯುವುದಾದರೂ ಹೇಗೆ?

ಹಾಗಾದರೆ ಮಾತೇ ಆಡದೆ ಕರಾರು ಹೇಗಾಯಿತು? ಉತ್ತರ ಅಲ್ಲಿನ ಫಲಕದಲ್ಲಿದೆ. ಫಲಕ ಓದಿಯೂ ನಿಲ್ಲಿಸಿದರೆ ಒಪ್ಪಿದಂತೆ ಎನ್ನುವುದು ಕಾನೂನಿನ ನಿಲುವು. ಆದರೆ ಫಲಕ ಕಾಣುವಂತಿರಬೇಕು, ಓದುವಂತಿರಬೇಕು. ನಮ್ಮ ಕಾನೂನು ಕಾಲೇಜುಗಳಲ್ಲಿ ಕರಾರು ಕಾಯ್ದೆ ಓದಿದವರಿಗೆ 1971ರ ಥಾರ್ನ್‌ಟನ್ ವಿರುದ್ಧ ಶೂ ಲೇನ್ ಪಾರ್ಕಿಂಗ್ ಪ್ರಕರಣ ನೆನಪಿರಬಹುದು. ಲಂಡನ್ನಿನ ಪಾರ್ಕಿಂಗ್ ಕಟ್ಟಡವೊಂದರಲ್ಲಿ ಗಾಯಗೊಂಡ ಟ್ರಂಪೆಟ್ ವಾದಕ ಪರಿಹಾರ ಕೇಳಿದಾಗ, ಯಂತ್ರ ಕೊಟ್ಟ ಚೀಟಿಯಲ್ಲಿ ಷರತ್ತು ಇದೆಯಲ್ಲ ಎಂದು ಕಂಪನಿ ವಾದಿಸಿತು. ಯಂತ್ರದಿಂದ ಚೀಟಿ ಹೊರಬರುವ ಹೊತ್ತಿಗೆ ಕರಾರು ಆಗಿಹೋಗಿರುತ್ತದೆ, ಆಮೇಲೆ ತೋರಿಸಿದ ಷರತ್ತು ಅವನನ್ನು ಕಟ್ಟಿಹಾಕುವುದಿಲ್ಲ ಎಂದರು ಲಾರ್ಡ್ ಡೆನ್ನಿಂಗ್. 2000ದಲ್ಲಿ ವೈನ್ ಪ್ರಕರಣ ಬಂತು. ಮೈ ಸರಿಯಿಲ್ಲದೆ ವಾಂತಿ ಬಂದು ಕಾರು ನಿಲ್ಲಿಸಿ ಇಳಿದ ಹೆಂಗಸು ಕೆಲವೇ ನಿಮಿಷದಲ್ಲಿ ಮರಳುವಷ್ಟರಲ್ಲಿ ಗಾಲಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದ ದೊಡ್ಡ ವಾಹನ ಫಲಕವನ್ನು ಮರೆಮಾಡಿತ್ತು. ಕಾಣದ ಫಲಕಕ್ಕೆ ಆಕೆ ಒಪ್ಪಿಗೆ ಕೊಟ್ಟಳೆಂದು ಹೇಳಲಾಗದು ಎಂದಿತು ಮೇಲ್ಮನವಿ ನ್ಯಾಯಾಲಯ. ಈ ಎರಡು ತೀರ್ಪುಗಳ ಆಧಾರದ ಮೇಲೆ ಇವತ್ತಿಗೂ ಜನ ವಾದಿಸಿ ಗೆಲ್ಲುತ್ತಾರೆ.

ಇನ್ನೊಂದು ಕಡೆಯ ತೂಕವನ್ನೂ ಹೇಳಬೇಕು. ಚೆಮ್ಸ್‌ಫರ್ಡ್‌ನ ರಿವರ್‌ಸೈಡ್ ರಿಟೇಲ್ ಪಾರ್ಕಿನಲ್ಲಿ 2013ರಲ್ಲಿ ಎರಡು ಗಂಟೆಯ ಮಿತಿ ಮೀರಿ 56 ನಿಮಿಷ ಹೆಚ್ಚಿಗೆ ಕಾರು ನಿಂತಿತು. ಕಂಪನಿ 85 ಪೌಂಡ್ ಕೇಳಿತು. ಕಾರಿನ ಮಾಲೀಕ, ಮೀನು ಮತ್ತು ಚಿಪ್ಸ್ ಅಂಗಡಿ ನಡೆಸುತ್ತಿದ್ದವರು, ಇದು ಆದ ನಷ್ಟಕ್ಕೆ ತಾಳೆಯಾಗದ ಮೊತ್ತ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು. 2015ರ ನವೆಂಬರ್ 4ರಂದು ಬಂದ ಪಾರ್ಕಿಂಗ್ ಐ ವಿರುದ್ಧ ಬೀವಿಸ್ ತೀರ್ಪಿನಲ್ಲಿ ಅವರು ಸೋತರು. ಏಳು ನ್ಯಾಯಮೂರ್ತಿಗಳಲ್ಲಿ ಲಾರ್ಡ್ ಟೌಲ್ಸನ್ ಒಬ್ಬರೇ ಭಿನ್ನಮತ ಬರೆದದ್ದು. ಅಂಗಡಿಗಳಿಗೆ ಬರುವವರಿಗೆ ಜಾಗ ಖಾಲಿಯಾಗುತ್ತಿರಬೇಕು, ಅದು ನ್ಯಾಯವಾದ ಹಿತಾಸಕ್ತಿ, ಅದಕ್ಕೆ 85 ಪೌಂಡ್ ಮಿತಿಮೀರಿದ್ದಲ್ಲ ಎಂಬುದು ಬಹುಮತದ ಅಭಿಪ್ರಾಯ. ಅಲ್ಲಿಂದಾಚೆಗೆ "ಇವರು ಕೇಳುವ ಮೊತ್ತವೇ ಅಕ್ರಮ" ಎಂಬ ಹಳೆಯ ವಾದ ಹೆಚ್ಚುಕಡಿಮೆ ನಿಂತುಹೋಯಿತು. ಆದರೆ ಆ ತೀರ್ಪಿನೊಳಗೇ ಇನ್ನೊಂದು ಸಂಗತಿಯಿದೆ. ಆ ಜಾಗದಲ್ಲಿ ಸುಮಾರು ಇಪ್ಪತ್ತು ಫಲಕಗಳಿದ್ದವು, ದೊಡ್ಡದಾಗಿದ್ದವು, 85 ಪೌಂಡ್ ಎಂಬುದು ಎದ್ದು ಕಾಣುತ್ತಿತ್ತು. ಕಂಪನಿ ಗೆದ್ದದ್ದರಲ್ಲಿ ಇದರ ಪಾಲು ದೊಡ್ಡದು. ನಿಮ್ಮ ಜಾಗದಲ್ಲಿ ಒಂದೇ ಫಲಕವಿದ್ದು, ಅದು ಮರದ ಕೊಂಬೆಯ ಹಿಂದೆ ಅಡಗಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ, ಮೊತ್ತವನ್ನು ಇರುವೆಯಷ್ಟು ಅಕ್ಷರದಲ್ಲಿ ಬರೆದಿದ್ದರೆ ನಿಮ್ಮ ಪ್ರಕರಣ ಬೀವಿಸ್‌ನದ್ದಲ್ಲ. ಕಾಗದ ಬಂದ ತಕ್ಷಣ ಆ ಜಾಗಕ್ಕೆ ಹೋಗಿ, ಕಾರಿನೊಳಗಿಂದ ಕಾಣುವಂತೆ ಫೋಟೊ ತೆಗೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಎರಡು ತಿಂಗಳು ಬಿಟ್ಟು ಹೋದರೆ ಹೊಸ ಫಲಕ ಬಂದಿರಬಹುದು.

ಇನ್ನು ಈ ವಿಷಯದ ತಿರುಳಿಗೆ ಬರೋಣ. 2012ಕ್ಕೆ ಮುಂಚೆ ಖಾಸಗಿ ಜಾಗದಲ್ಲಿ ಗಾಲಿಗೆ ಬೀಗ ಜಡಿದು, ಹಣ ಕೊಟ್ಟ ಮೇಲೇ ಬಿಡುವ ದಂಧೆ ಇಂಗ್ಲೆಂಡು, ವೇಲ್ಸ್‌ನಲ್ಲಿ ನಡೆಯುತ್ತಿತ್ತು. ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆ್ಯಕ್ಟ್ ಎಂಬ ಕಾಯ್ದೆ 2012ರ ಅಕ್ಟೋಬರ್ 1ರಿಂದ ಅದನ್ನು ನಿಷೇಧಿಸಿತು. ಬೀಗ ಕಿತ್ತುಕೊಂಡದ್ದಕ್ಕೆ ಬದಲಾಗಿ ಕಂಪನಿಗಳ ಕೈಗೆ ಇನ್ನೊಂದು ಅಸ್ತ್ರ ಕೊಟ್ಟಿತು. ಕರಾರು ಆದದ್ದು ಚಾಲಕನ ಜೊತೆ. ಆದರೆ ಚಾಲಕ ಯಾರೆಂದು ಕ್ಯಾಮೆರಾಕ್ಕೆ ಗೊತ್ತಿಲ್ಲ. ಹಾಗಾಗಿ ಚಾಲಕ ಯಾರೆಂದು ತಿಳಿಯದಿದ್ದರೆ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಂದ, ಅಂದರೆ ಕೀಪರ್‌ನಿಂದ, ಹಣ ವಸೂಲು ಮಾಡಬಹುದು ಎಂದು ಕಾಯ್ದೆಯ ನಾಲ್ಕನೆಯ ಷೆಡ್ಯೂಲ್ ಹೇಳುತ್ತದೆ. "ಹರಿದು ಬಿಸಾಕಿ" ಎಂಬ ಸಲಹೆ 2012ಕ್ಕಿಂತ ಹಿಂದಿನ ಕಾಲದ್ದು. ಆಗ ಅದರಲ್ಲಿ ಒಂದಿಷ್ಟು ಅರ್ಥವಿತ್ತು.

ಈ ಅಸ್ತ್ರವನ್ನು ಬಳಸಬೇಕಾದರೆ ಕಂಪನಿ ಕೆಲವು ಷರತ್ತುಗಳನ್ನು ಚಾಚೂ ತಪ್ಪದೆ ಪಾಲಿಸಬೇಕು. ಮುಖ್ಯವಾದದ್ದು ದಿನಗಳ ಲೆಕ್ಕ. ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾದ ಆಧಾರದ ಮೇಲೆ ಕಾಗದ ಕಳಿಸುವುದಾದರೆ, ಕಾರು ನಿಂತ ಮರುದಿನದಿಂದ ಎಣಿಸಿ 14 ದಿನದೊಳಗೆ ಅದು ಕೀಪರ್‌ಗೆ ತಲುಪಬೇಕು. ಮಾರ್ಚ್ 1ರಂದು ಕಾರು ನಿಂತಿದ್ದರೆ ಮಾರ್ಚ್ 15 ಕೊನೆಯ ದಿನ. ಅಂಚೆಗೆ ಹಾಕಿದ ಎರಡನೆಯ ಕೆಲಸದ ದಿನ ತಲುಪಿತೆಂದು ಕಾನೂನು ಭಾವಿಸುತ್ತದೆ. ಶುಕ್ರವಾರ ಹಾಕಿದ್ದು ಮಂಗಳವಾರ ತಲುಪಿದಂತೆ, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಗಾಜಿಗೆ ಚೀಟಿ ಅಂಟಿಸಿದ್ದರೆ ಕ್ರಮ ಬೇರೆ. ಆಗ ಕೀಪರ್‌ಗೆ ಕಾಗದ ತಲುಪಬೇಕಾದದ್ದು 28 ದಿನ ಕಳೆದ ಮೇಲೆ, 56 ದಿನದೊಳಗೆ. ಈ ಗಡುವು ತಪ್ಪಿದರೆ, ಅಥವಾ ಕಾಗದದಲ್ಲಿ ಇರಲೇಬೇಕಾದ ಮಾಹಿತಿ ಇಲ್ಲದಿದ್ದರೆ, ಕೀಪರ್ ಮೇಲಿನ ಹೊಣೆ ಹುಟ್ಟುವುದೇ ಇಲ್ಲ. ಆಗ ಕಂಪನಿ ಹೋಗಬೇಕಾದದ್ದು ಚಾಲಕನ ಬಳಿಗೆ. ಆ ಚಾಲಕ ಯಾರೆಂದು ಅದಕ್ಕೆ ತಿಳಿದಿಲ್ಲ.

ಇಲ್ಲೇ ನಮ್ಮವರು ಎಡವುವುದು. ಸತ್ಯ ಹೇಳಿಬಿಡೋಣ ಎಂಬ ಒಳ್ಳೆಯ ಮನಸ್ಸಿನಿಂದ, "ಸಾರಿ, ನಾನು ಮಗುವಿಗೆ ಔಷಧ ತರಲು ಹೋಗಿದ್ದೆ, ತಡವಾಯಿತು" ಎಂದು ಬರೆದುಬಿಡುತ್ತಾರೆ. ಆ 'ನಾನು' ಎಂಬ ಒಂದು ಪದದಿಂದ ಚಾಲಕ ಯಾರೆಂದು ಕಂಪನಿಗೆ ಸಿಕ್ಕಿತು, ಗಡುವಿನ ವಾದ ಮಣ್ಣುಗೂಡಿತು. ಪೊಲೀಸರು ಕೇಳಿದರೆ ಚಾಲಕನ ಹೆಸರು ಹೇಳಲೇಬೇಕು. ಖಾಸಗಿ ಕಂಪನಿಗೆ ಹೇಳಬೇಕೆಂದು ಯಾವ ಕಾನೂನೂ ಇಲ್ಲ. ಸುಳ್ಳು ಹೇಳಬೇಡಿ, ಅದು ಬೇಕಾಗಿಯೂ ಇಲ್ಲ. "ಈ ವಾಹನದ ನೋಂದಾಯಿತ ಕೀಪರ್ ಆಗಿ ಬರೆಯುತ್ತಿದ್ದೇನೆ" ಎಂದು ಆರಂಭಿಸಿ, ಮುಂದೆ 'ಚಾಲಕರು' ಎಂದೇ ಬರೆಯಿರಿ. ಅದು ನಿಮಗೆ ಕಾನೂನು ಕೊಟ್ಟ ಹಕ್ಕು.

ಈ ಷೆಡ್ಯೂಲ್ ಇಂಗ್ಲೆಂಡು ಮತ್ತು ವೇಲ್ಸ್‌ಗೆ ಮಾತ್ರ. ಸ್ವಂತ ಉಪನಿಯಮಗಳಿರುವ ವಿಮಾನ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳೂ ಇದರ ಹೊರಗೆ ಉಳಿಯುತ್ತವೆ. ಸ್ಕಾಟ್ಲೆಂಡಿನಲ್ಲಿ ಕೀಪರ್ ಹೊಣೆ ಇಲ್ಲವೆಂದು ಎಲ್ಲವನ್ನೂ ಕಸಕ್ಕೆ ಹಾಕುವವರು ಡಂಡಿ ನಗರದ ಪ್ರಕರಣ ನೆನಪಿಡಬೇಕು. ಅಲ್ಲಿ ಒಬ್ಬ ಮಹಿಳೆ ಮನೆಯ ಬಳಿ ದಿನವೂ ಕಾರು ನಿಲ್ಲಿಸಿ ಚೀಟಿಗಳನ್ನೆಲ್ಲ ಕಡೆಗಣಿಸಿದ್ದಳು. ನಿಲ್ಲಿಸಿದ್ದು ತಾನೇ ಎಂಬುದರಲ್ಲಿ ವಿವಾದವಿರಲಿಲ್ಲ. 2017ರಲ್ಲಿ ನ್ಯಾಯಾಲಯ 24,500 ಪೌಂಡ್ ಕಟ್ಟುವಂತೆ ಹೇಳಿತು. ಅದೇ ವರ್ಷ ಕಾರ್ಡಿಫ್‌ನ ಯೂನಿವರ್ಸಿಟಿ ಆಸ್ಪತ್ರೆಯ ಸಿಬ್ಬಂದಿ ಕೂಡ ತಾವು ದುಡಿಯುವ ಆಸ್ಪತ್ರೆಯಲ್ಲೇ ಕಾರು ನಿಲ್ಲಿಸಿದ್ದಕ್ಕೆ ಹೂಡಿದ ಮೊಕದ್ದಮೆಯಲ್ಲಿ ಸೋತರು. ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವ ನಮ್ಮ ಡಾಕ್ಟರುಗಳು, ನರ್ಸುಗಳು ಪರ್ಮಿಟ್ ನವೀಕರಣವನ್ನು ನಾಳೆ ನೋಡೋಣ ಎಂದು ಮುಂದೂಡಬಾರದು.

ಕಂಪನಿಗೆ ನಿಮ್ಮ ವಿಳಾಸ ಸಿಗುವುದು ಸ್ವಾನ್ಸೀಯಲ್ಲಿರುವ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯಿಂದ. ಒಂದು ದಾಖಲೆಗೆ ಎರಡೂವರೆ ಪೌಂಡ್. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದು ಕೋಟಿಗೂ ಮೀರಿ ಇಂಥ ದಾಖಲೆಗಳು ಹೊರಹೋಗಿವೆ. ಆದರೆ ಎಲ್ಲರಿಗೂ ಕೊಡುವುದಿಲ್ಲ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಅಥವಾ ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ, ಈ ಎರಡರಲ್ಲಿ ಒಂದರ ಸದಸ್ಯರಾಗಿರಬೇಕು. ಕಾಗದದ ಮೂಲೆಯಲ್ಲಿ ಯಾರ ಲಾಂಛನವಿದೆ ನೋಡಿಕೊಳ್ಳಿ. ಯಾವುದೂ ಇಲ್ಲದಿದ್ದರೆ ಅನುಮಾನಿಸಿ. ಮೊಬೈಲಿಗೆ ಬರುವ "ಪಾರ್ಕಿಂಗ್ ಬಾಕಿ ಇದೆ" ಎಂಬ ಸಂದೇಶಗಳನ್ನಂತೂ ಒತ್ತಲೇಬೇಡಿ. ಯಂತ್ರಗಳ ಮೇಲೆ ನಕಲಿ ಕ್ಯೂಆರ್ ಕೋಡ್ ಅಂಟಿಸಿ ಹಣ ಲಪಟಾಯಿಸುವವರೂ ಇದ್ದಾರೆ.

ಮೇಲ್ಮನವಿಯ ಮೊದಲ ಮೆಟ್ಟಿಲು ಅಂಗಡಿಯೇ. ನೀವು ನಿಜವಾಗಿ ಆ ಅಂಗಡಿಯ ಗಿರಾಕಿಯಾಗಿದ್ದರೆ ಬಿಲ್ಲು ಹಿಡಿದು ಮ್ಯಾನೇಜರನ್ನು ಕಾಣಿ. ಪಾರ್ಕಿಂಗ್ ಕಂಪನಿಯನ್ನು ನೇಮಿಸಿದವರು ಅವರು ಅಥವಾ ಅವರ ಜಾಗದ ಮಾಲೀಕರು. ಅವರು ಮನಸ್ಸು ಮಾಡಿದರೆ ಒಂದು ಇಮೇಲ್‌ನಲ್ಲಿ ರದ್ದಾಗುತ್ತದೆ. ನಮ್ಮವರು ಸಂಕೋಚದಿಂದ ಈ ಮೆಟ್ಟಿಲನ್ನೇ ಹತ್ತುವುದಿಲ್ಲ. ಅದು ನನಗೆ ಬೇಸರದ ಸಂಗತಿ, ಯಾಕೆಂದರೆ ಅತಿ ಕಡಿಮೆ ಶ್ರಮದಲ್ಲಿ ಕೆಲಸ ಮುಗಿಯುವುದು ಇಲ್ಲೇ.

ಅದು ಆಗದಿದ್ದರೆ 28 ದಿನದೊಳಗೆ ಕಂಪನಿಗೇ ಬರೆಯಿರಿ. ರಿಯಾಯಿತಿಯ 14 ದಿನದೊಳಗೆ ಬರೆದರೆ, ತಿರಸ್ಕರಿಸಿದಾಗ ಆ 60 ಪೌಂಡಿನ ದರವನ್ನು ಮತ್ತೆ ಕೊಡುವುದು ರೂಢಿ. ಹಾಗಾಗಿ ಈ ಹಂತದಲ್ಲಿ ಬರೆಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಹಣ ಕಟ್ಟಿ ಆಮೇಲೆ ಜಗಳವಾಡೋಣ ಎಂದುಕೊಂಡರೆ ಮಾತ್ರ ಬಾಗಿಲು ಮುಚ್ಚಿತೆಂದೇ ತಿಳಿಯಿರಿ, ಕಟ್ಟಿದರೆ ಒಪ್ಪಿಕೊಂಡಂತೆ. ಏನು ಬರೆಯಬೇಕು? ಕರುಣೆ ಬೇಡುವುದಕ್ಕಿಂತ ದಾಖಲೆ ಇಡುವುದು ಲೇಸು. ಕ್ಯಾಮೆರಾ ಎರಡು ಭೇಟಿಯನ್ನು ಒಂದೇ ಎಂದು ಓದುವ ತಪ್ಪು ಆಗಾಗ ನಡೆಯುತ್ತದೆ. ಬೆಳಿಗ್ಗೆ ತರಕಾರಿಗೆ ಹೋಗಿ ಬಂದು, ಮರೆತ ಹಾಲಿಗಾಗಿ ಸಂಜೆ ಮತ್ತೆ ಹೋದರೆ, ನಡುವಿನ ಓಡಾಟ ಕ್ಯಾಮೆರಾಕ್ಕೆ ಸಿಗದೆ ಇಡೀ ದಿನ ಕಾರು ಅಲ್ಲೇ ಇತ್ತೆಂದು ಬರೆಯುತ್ತದೆ. ಮಧ್ಯಾಹ್ನ ಬೇರೆಲ್ಲೋ ಕಾರ್ಡ್ ಉಜ್ಜಿದ ಬ್ಯಾಂಕಿನ ದಾಖಲೆ, ಫೋನಿನ ಲೊಕೇಶನ್ ದಾಖಲೆ, ಶಾಲೆಯಿಂದ ಮಗುವನ್ನು ಕರೆತಂದ ಸಹಿ, ಇಂಥ ಯಾವುದಾದರೂ ಸಾಕು. ಯಂತ್ರದಲ್ಲಿ ನಂಬರು ಒತ್ತುವಾಗ ಸೊನ್ನೆಯ ಬದಲು 'ಓ' ಅಕ್ಷರ ಬಿದ್ದಿದ್ದರೆ, ಹಣ ಕಟ್ಟಿದ ರಸೀದಿ ಇಟ್ಟರೆ ರದ್ದು ಮಾಡಬೇಕೆಂದು ಉದ್ಯಮದ ನಿಯಮವೇ ಹೇಳುತ್ತದೆ. ಅನುಮತಿಯ ಅವಧಿ ಮುಗಿದ ಮೇಲೆ ಹತ್ತು ನಿಮಿಷ ಹೆಚ್ಚುವರಿ ಕೊಡಬೇಕೆಂಬ ನಿಯಮವೂ ಇದೆ. ಅಂಗವೈಕಲ್ಯದಿಂದಲೋ ಕಾಯಿಲೆಯಿಂದಲೋ ನಡೆಯುವುದು ನಿಧಾನವಾಗಿದ್ದರೆ 2010ರ ಸಮಾನತಾ ಕಾಯ್ದೆಯನ್ನು ಹೆಸರಿಸಿ ಬರೆಯಿರಿ. ಊರಿಂದ ಬಂದ ಅಪ್ಪನ ಮೊಣಕಾಲು ನೋವಿಗೂ ಇದು ಅನ್ವಯಿಸಬಹುದು, ಡಾಕ್ಟರ ಚೀಟಿ ಜೊತೆಗಿರಲಿ.

ಸ್ವಂತ ಅಪಾರ್ಟ್‌ಮೆಂಟಿನ ಅಂಗಳದಲ್ಲೇ ಚೀಟಿ ಬಿದ್ದರೆ ಮನೆಯ ಕರಾರು ಪತ್ರ ತೆಗೆದು ನೋಡಿ. ಲೀಸ್‌ನಲ್ಲಿ ಕೊಟ್ಟ ಹಕ್ಕನ್ನು ಆಮೇಲೆ ಬಂದ ಪಾರ್ಕಿಂಗ್ ಕಂಪನಿಯ ಫಲಕ ಕಿತ್ತುಕೊಳ್ಳಲಾರದು ಎಂಬುದಕ್ಕೆ 2016ರ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ ತೀರ್ಪು ಆಧಾರ. ಸಾಮಾನು ಇಳಿಸಲು ಬಾಗಿಲ ಬಳಿ ಕೆಲ ನಿಮಿಷ ನಿಂತದ್ದು ಪಾರ್ಕಿಂಗೇ ಅಲ್ಲ ಎಂದೂ ಅದು ಹೇಳಿತು. ಆಫೀಸಿನ ಮೂಲಕ ಲೀಸ್ ಮೇಲೆ ಕಾರು ಪಡೆದವರಿಗೆ, ಬಾಡಿಗೆ ಕಾರಿನಲ್ಲಿ ಸುತ್ತುವವರಿಗೆ ಇನ್ನೊಂದು ರಕ್ಷಣೆಯಿದೆ. ಅವರಿಂದ ಕೀಪರ್ ಹೊಣೆಯ ಮೇಲೆ ವಸೂಲು ಮಾಡಬೇಕಾದರೆ ಬಾಡಿಗೆ ಕರಾರಿನ ಪ್ರತಿಗಳನ್ನು ಕಾಗದದ ಜೊತೆ ಕಳಿಸಿರಬೇಕು. ಅವಿಲ್ಲದಿದ್ದರೆ ಅದನ್ನೇ ಎತ್ತಿ ಹೇಳಿ.

ಕಂಪನಿ ತಿರಸ್ಕರಿಸಿದರೆ ಮುಂದಿನದು ಹೊರಗಿನ ಮೇಲ್ಮನವಿ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಸದಸ್ಯರಾದರೆ ಪೋಪ್ಲಾ, ಇನ್ನೊಂದು ಸಂಘದವರಾದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್. ತಿರಸ್ಕಾರದ ಪತ್ರದಲ್ಲೇ ಸಂಖ್ಯೆ ಮತ್ತು ಗಡುವು ಇರುತ್ತದೆ. ಪೋಪ್ಲಾಕ್ಕೆ ಹೋಗಲು ಖರ್ಚಿಲ್ಲ. ಆದರೆ ರಿಯಾಯಿತಿ ಹೋಗುತ್ತದೆ, ಸೋತರೆ ಪೂರ್ತಿ 100. ಗೆದ್ದರೆ ಕಂಪನಿ ಅದಕ್ಕೆ ಬದ್ಧ, ಸೋತರೆ ನೀವು ಬದ್ಧರಲ್ಲ, ಕೋರ್ಟಿನಲ್ಲಿ ಮತ್ತೆ ವಾದಿಸಬಹುದು. ಇಲ್ಲಿ ಗಟ್ಟಿ ನಿಲ್ಲುವ ವಾದಗಳು ಮೂರು: ಕೀಪರ್ ಗಡುವು ತಪ್ಪಿದೆ, ಫಲಕ ಸರಿಯಿಲ್ಲ, ಜಾಗದ ಮಾಲೀಕರಿಂದ ಕಂಪನಿಗೆ ಲಿಖಿತ ಅಧಿಕಾರವಿದೆಯೇ ತೋರಿಸಲಿ. "ಮಗಳು ಅಳುತ್ತಿದ್ದಳು, ಮಳೆ ಬರುತ್ತಿತ್ತು" ಎಂಬುದಕ್ಕೆ ಇಲ್ಲಿ ತೂಕ ಕಡಿಮೆ.

ಅಲ್ಲೂ ಆಗದೆ, ನೀವೂ ಕಟ್ಟದಿದ್ದರೆ ವಸೂಲಿ ಏಜೆನ್ಸಿಗಳ ಪತ್ರಗಳು ಶುರುವಾಗುತ್ತವೆ. 100 ಇದ್ದದ್ದು 170 ಆಗುತ್ತದೆ, ಕೆಂಪು ಅಕ್ಷರ ಬರುತ್ತದೆ. ಇವರು ಮನೆ ಬಾಗಿಲಿಗೆ ಬಂದು ಸಾಮಾನು ಎತ್ತುವ ಜಪ್ತಿಯವರಲ್ಲ, ಪತ್ರ ಬರೆಯುವುದರಾಚೆ ಇವರಿಗೆ ಅಧಿಕಾರವಿಲ್ಲ. ಇವುಗಳಿಗೆ ಉತ್ತರಿಸದಿದ್ದರೂ ನಡೆಯುತ್ತದೆ, ಆದರೆ ಒಂದನ್ನೂ ಓದದೆ ಎಸೆಯಬೇಡಿ. ಯಾಕೆಂದರೆ ಅವುಗಳ ನಡುವೆಯೇ ಒಂದು ದಿನ 'ಲೆಟರ್ ಆಫ್ ಕ್ಲೇಮ್' ಬರುತ್ತದೆ. ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕು. ಆಮೇಲೆ ನಾರ್ಥಾಂಪ್ಟನ್‌ನಿಂದ ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ ಅದು ನಿಜವಾದ ಮೊಕದ್ದಮೆ. ಜಾರಿಯಾದ 14 ದಿನದೊಳಗೆ ಸ್ವೀಕೃತಿ ತಿಳಿಸಿದರೆ ಪ್ರತಿವಾದ ಸಲ್ಲಿಸಲು ಒಟ್ಟು 28 ದಿನ ಸಿಗುತ್ತದೆ. ಎರಡನ್ನೂ ಆನ್‌ಲೈನಿನಲ್ಲೇ ಮಾಡಬಹುದು. ಪಾರ್ಕಿಂಗ್ ಪ್ರಕರಣಗಳು ಸ್ಮಾಲ್ ಕ್ಲೇಮ್ಸ್ ವಿಭಾಗಕ್ಕೆ ಹೋಗುತ್ತವೆ, ವಿಚಾರಣೆ ನಿಮ್ಮೂರಿನ ಹತ್ತಿರದ ಕೌಂಟಿ ಕೋರ್ಟಿನಲ್ಲಿ. ವಕೀಲರು ಬೇಕಿಲ್ಲ. ನ್ಯಾಯಾಧೀಶರು ಮೇಜಿನ ಆಚೆ ಕೂತು ಮಾತಾಡಿಸುವ ಚಿಕ್ಕ ಕೋಣೆ ಅದು, ಸಿನಿಮಾದ ಕಟಕಟೆ ಅಲ್ಲ. ಸೋತರೂ ಎದುರು ಪಕ್ಷದ ವಕೀಲರ ಪೂರ್ತಿ ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. ಮೂಲ ಮೊತ್ತದ ಜೊತೆಗೆ ಕೋರ್ಟ್ ಶುಲ್ಕ, ನಿಗದಿತ ಸಣ್ಣ ವೆಚ್ಚ, ಇಷ್ಟೇ. ಒಂದು ತಿಂಗಳೊಳಗೆ ಕಟ್ಟಿದರೆ ತೀರ್ಪಿನ ದಾಖಲೆಯೂ ಅಳಿಸಿಹೋಗುತ್ತದೆ. ಭಯಪಡಬೇಕಾದದ್ದು ಒಂದೇ, ಕ್ಲೇಮ್ ಫಾರ್ಮಿಗೆ ಉತ್ತರಿಸದೆ ಏಕಪಕ್ಷೀಯ ತೀರ್ಪು ಆಗಿ, ಅದು ಆರು ವರ್ಷ ದಾಖಲೆಯಲ್ಲಿ ಕೂರುವುದು. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕಾಣುವುದು ಅದನ್ನೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಅಂಗವಿಕಲರ ಜಾಗದಲ್ಲಿ ನಿಲ್ಲಿಸಿದವರು, ಬೇರೆಯವರ ಮನೆಯ ದಾರಿ ಅಡ್ಡಗಟ್ಟಿದವರು ಹಣ ಕಟ್ಟಬೇಕು. ಅವರಿಗೆ ಬಚಾವಾಗುವ ಉಪಾಯ ಹೇಳಿಕೊಡಲು ನಾನು ಬರೆಯುತ್ತಿಲ್ಲ. ಆದರೆ ಈಗಿನ ವ್ಯವಸ್ಥೆಯಲ್ಲಿ ನಿಯಮ ಬರೆಯುವುದೂ ಉದ್ಯಮವೇ, ಮೇಲ್ಮನವಿ ಸಂಸ್ಥೆಗಳ ಖರ್ಚು ಭರಿಸುವುದೂ ಉದ್ಯಮವೇ. ಇದು ಸರಿಯಲ್ಲ. ಸರ್ಕಾರವೇ ಸಂಹಿತೆ ರೂಪಿಸಬೇಕೆಂದು ಸಂಸತ್ತು 2019ರಲ್ಲಿ ಕಾಯ್ದೆ ಮಾಡಿತು. 2022ರ ಫೆಬ್ರುವರಿಯಲ್ಲಿ ಸಂಹಿತೆ ಹೊರಬಂತು. ಲಂಡನ್ನಿನ ಹೊರಗೆ ಹೆಚ್ಚಿನ ಪ್ರಕರಣಗಳಿಗೆ 50 ಪೌಂಡ್ ಮಿತಿ, ವಸೂಲಿ ಏಜೆನ್ಸಿಯ ಹೆಚ್ಚುವರಿ ಶುಲ್ಕಕ್ಕೆ ನಿಷೇಧ ಅದರಲ್ಲಿದ್ದವು. ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆಮೇಲೆ 2024ರಲ್ಲಿ ಎರಡು ಸಂಘಗಳೂ ಸೇರಿ ತಮ್ಮದೇ ಒಂದು ಸಂಹಿತೆ ತಂದವು, ಮಿತಿ 100 ಪೌಂಡಿನಲ್ಲೇ ಉಳಿಯಿತು. 2025ರ ಜುಲೈನಲ್ಲಿ ಸರ್ಕಾರ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಶುರುಮಾಡಿತು. ಜನ ದನಿ ಎತ್ತಿದರೆ ಉದ್ಯಮವೂ ಬಗ್ಗುತ್ತದೆ ಎಂಬುದಕ್ಕೆ ಸಾಕ್ಷಿಯಿದೆ. ಡಾರ್ಬಿಯಲ್ಲಿ ಫೋನಿನ ಸಿಗ್ನಲ್ ಸಿಗದೆ ಐದು ನಿಮಿಷದೊಳಗೆ ಹಣ ಕಟ್ಟಲಾಗದ ಮಹಿಳೆಯೊಬ್ಬರ ಮೇಲೆ 1,906 ಪೌಂಡ್‌ಗೆ ದಾವೆ ಬಿತ್ತು. ಪ್ರತಿಸಲವೂ ಆಕೆ ಪಾರ್ಕಿಂಗ್ ಹಣ ಕಟ್ಟಿದ್ದರು. ಪತ್ರಿಕೆಗಳು ಬರೆದವು, ದಾವೆ ಕೈಬಿಟ್ಟರು, 2025ರ ಫೆಬ್ರುವರಿಯಲ್ಲಿ ಉದ್ಯಮ ಆ ನಿಯಮವನ್ನೇ ತಿದ್ದಿತು. ಈಗ ಕ್ಯಾಮೆರಾ ಇರುವ ಜಾಗದಲ್ಲಿ ಹೊರಡುವ ಮುಂಚೆ ಹಣ ಕಟ್ಟಿದರೆ ತಡವಾಯಿತೆಂದು ಚಾರ್ಜ್ ಹಾಕುವಂತಿಲ್ಲ.

ಯುಗಾದಿ, ದೀಪಾವಳಿ, ರಾಜ್ಯೋತ್ಸವಕ್ಕೆ ಸಭಾಂಗಣ ಬಾಡಿಗೆಗೆ ಹಿಡಿಯುವ ನಮ್ಮ ಕನ್ನಡ ಸಂಘಗಳಲ್ಲಿ ಒಂದು ಕೋರಿಕೆ. ಊಟದ ಕೇಟರಿಂಗ್ ಎಷ್ಟು ಮುಂಚೆ ಗೊತ್ತುಮಾಡುತ್ತೀರೋ ಅಷ್ಟೇ ಮುಂಚೆ, ಆ ಅಂಗಳದ ಪಾರ್ಕಿಂಗ್ ಯಾರ ಕೈಯಲ್ಲಿದೆ ಎಂದು ಕೇಳಿ. ಬರುವವರ ಕಾರಿನ ನಂಬರುಗಳನ್ನು ಪಡೆದು ವಿನಾಯಿತಿ ಪಟ್ಟಿಗೆ ಸೇರಿಸಲು ಸಭಾಂಗಣದವರಿಗೆ ಲಿಖಿತವಾಗಿ ಕೊಡಿ. ನಾಟಕ ನೋಡಿ ಸಂತೋಷದಿಂದ ಮನೆಗೆ ಹೋದ ಕುಟುಂಬಕ್ಕೆ ಮುಂದಿನ ವಾರ 100 ಪೌಂಡಿನ ಕಾಗದ ಬರಬಾರದು.

ಓದುಗರೆಲ್ಲರೂ ಮಾಡಬೇಕಾದದ್ದು ಒಂದಿದೆ. ಕಾರಿನ ಲಾಗ್‌ಬುಕ್ ತೆಗೆದು, ಅದರಲ್ಲಿ ಈಗಿನ ಮನೆಯ ವಿಳಾಸವಿದೆಯೇ ಇವತ್ತೇ ನೋಡಿ. ಪ್ರಾಜೆಕ್ಟು ಬದಲಾದಂತೆ ಊರು ಬದಲಿಸುವ ನಮ್ಮವರಲ್ಲಿ ಎಷ್ಟೋ ಜನರ ಕಾರು ಇನ್ನೂ ಹಳೆಯ ಬಾಡಿಗೆ ಮನೆಯ ವಿಳಾಸದಲ್ಲೇ ಇರುತ್ತದೆ. ನೋಟಿಸೂ ಕ್ಲೇಮ್ ಫಾರ್ಮೂ ಅಲ್ಲಿಗೇ ಹೋಗುತ್ತವೆ, ತೀರ್ಪು ಆದದ್ದು ಮನೆ ಸಾಲ ತಿರಸ್ಕಾರವಾದಾಗಲೇ ಗೊತ್ತಾಗುತ್ತದೆ. ಅದನ್ನು ರದ್ದುಪಡಿಸಲು ಕೋರ್ಟಿಗೆ ಅರ್ಜಿ ಹಾಕುವ ಶುಲ್ಕವೇ 300 ಪೌಂಡ್ ದಾಟುತ್ತದೆ. ಡಿವಿಎಲ್‌ಎಯಲ್ಲಿ ವಿಳಾಸ ಬದಲಿಸಲು ಒಂದು ಪೈಸೆಯೂ ಬೇಡ.